ಲಾಂಗ್ ಜಂಪ್ ಇರುವುದು ಓಟದಲ್ಲಿ: ಕಾಲೇಜು ಕೋಚ್ ಆಗಿ ನನ್ನ ಅನುಭವ

ನಮ್ಮ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಜಂಪ್ಸ್ ಕೋಚ್ ಅಂತ ಬೇರೆ ಹುದ್ದೆ ಇರುವುದಿಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಎಂ.ಪಿ.ಎಡ್. ಮುಗಿಸಿ, ನೆಟ್ಟೋ ಕೆ-ಸೆಟ್ಟೋ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿ ಆ ಕುರ್ಚಿಗೆ ಬಂದವರು ಕಬಡ್ಡಿ ತಂಡವನ್ನೂ ಕಟ್ಟಬೇಕು, ವಾಲಿಬಾಲ್ ನೆಟ್ಟನ್ನೂ ಕಟ್ಟಬೇಕು. ಆಗಸ್ಟ್ 15ಕ್ಕೆ ಧ್ವಜದ ಹಗ್ಗವೂ ನಮ್ಮದೇ. ಜಿಗಿತ ಕಲಿಸುವುದೆಲ್ಲ ಬೆಳಿಗ್ಗೆ ಕ್ಲಾಸ್ ಶುರುವಾಗುವುದರೊಳಗೆ. ನಾನೂ ಹಾಗೇ ಬಂದವನು. ಮೊದಲು ಅತಿಥಿ ಉಪನ್ಯಾಸಕ, ಆಮೇಲೆ ಕಾಯಂ. ಕೋಚಿಂಗ್ ಕಲಿತದ್ದು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಆರು ವಾರದ ಕೋರ್ಸಿನಲ್ಲಿ ಸ್ವಲ್ಪ, ಮರಳಿನ ಗುಂಡಿಯ ಪಕ್ಕ ನಿಂತು ಜಾಸ್ತಿ.

ಜಿಗಿತವನ್ನೇ ಹಿಡಿದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಹೈಜಂಪ್, ಪೋಲ್ ವಾಲ್ಟ್ ಅಂದರೆ ಮ್ಯಾಟ್ ಬೇಕು, ಅದು ಲಕ್ಷದ ಮಾತು. ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗೆ ಗುಂಡಿ, ಟೇಪು, ಸಲಿಕೆ ಸಾಕು. ಆದರೆ ಮರಳಿನಲ್ಲಿ ಮಾತ್ರ ರಾಜಿ ಬೇಡ. ಕಟ್ಟಡದ ಕೆಲಸದಲ್ಲಿ ಮಿಕ್ಕ ಎಂ-ಸ್ಯಾಂಡ್ ಹಾಕಿಸಿಕೊಡುತ್ತೇವೆ ಅನ್ನುವವರು ಪ್ರತಿ ಸಲ ಸಿಗುತ್ತಾರೆ. ಕಲ್ಲು ಪುಡಿ ಮಾಡಿದ ಮರಳು ಅದು, ಕಣ ಚೂಪು. ನೀರು ಬಿದ್ದರೆ ಗಟ್ಟಿಯಾಗಿ ಕೂತುಬಿಡುತ್ತದೆ, ತೊಡೆ ತರಚುತ್ತದೆ. ರೇಟು ಜಾಸ್ತಿಯಾದರೂ ಹೊಳೆ ಮರಳೇ ಸರಿ. ಪ್ರಾಕ್ಟೀಸಿಗೆ ಮೊದಲು ಅದನ್ನು ಅಗೆದು ನೀರು ಚಿಮುಕಿಸುವುದು ಹಾರುವವರದೇ ಕೆಲಸ. ವಾರ್ಮಪ್ಪೂ ಆಯ್ತು ಅಲ್ವಾ.

ಹೊಸದಾಗಿ ಬಂದವರೆಲ್ಲ ಗಾಳಿಯಲ್ಲಿ ಕಾಲು ಹೇಗೆ ಆಡಿಸಬೇಕು ಅಂತಲೇ ಕೇಳುತ್ತಾರೆ. ಮೊಬೈಲಿನಲ್ಲಿ ನೋಡಿದ್ದು ಅದನ್ನೇ. ನಾನು ಗುಂಡಿಯ ಹತ್ತಿರಕ್ಕೇ ಬಿಡುವುದಿಲ್ಲ. ಮೊದಲು ಓಟದ ಟ್ರ್ಯಾಕಿನಲ್ಲಿ ಒಂದು ಗೆರೆ ಎಳೆದು, ಅಲ್ಲಿಂದ ಹದಿನಾರು ಹೆಜ್ಜೆ ಓಡಿಸುತ್ತೇನೆ. ಕಾಲೊತ್ತಿ ಮೇಲೇಳುವ ಹಲಗೆ, ಅಂದರೆ ಬೋರ್ಡೂ ಇಲ್ಲ, ಮರಳೂ ಇಲ್ಲ. ಹದಿನಾರನೇ ಹೆಜ್ಜೆ ಎಲ್ಲಿ ಬಿತ್ತೋ ಅಲ್ಲಿ ಸುಣ್ಣದ ಚುಕ್ಕೆ. ಮತ್ತೆ ಮತ್ತೆ ಓಡಿಸಿದರೆ ಚುಕ್ಕೆಗಳು ಒಂದೆಡೆ ಗುಂಪಾಗುತ್ತವೆ. ಆ ದೂರವನ್ನು ಟೇಪಿನಲ್ಲಿ ಅಳೆದು, ಬೋರ್ಡಿನಿಂದ ಹಿಂದಕ್ಕೆ ಇಟ್ಟರೆ ಅದೇ ಅವರ ಶುರುವಿನ ಗುರುತು. ಕೊನೆಯ ಆರು ಹೆಜ್ಜೆ ಉಳಿದಾಗ ಕಾಲು ಎಲ್ಲಿ ಬೀಳಬೇಕೋ ಅಲ್ಲಿ ನನಗೊಂದು ಗುರುತು. ಅದು ನಾನು ನೋಡುವುದಕ್ಕೆ, ಅವರಿಗಲ್ಲ.

ಒಬ್ಬ ಹುಡುಗಿ ಇದ್ದಳು, ಒಳ್ಳೆ ಓಟಗಾರ್ತಿ. ಬೋರ್ಡ್ ಹತ್ತಿರ ಬಂದಾಗೆಲ್ಲ ತಲೆ ತಗ್ಗಿಸಿ, ಕೊನೆಯ ಹೆಜ್ಜೆ ಉದ್ದಕ್ಕೆ ಚಾಚುತ್ತಿದ್ದಳು. ಹಾಗೆ ಚಾಚಿದ ಕಾಲು ಮೈಗಿಂತ ತುಂಬಾ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ. ಕೊನೆಯದರ ಹಿಂದಿನ ಹೆಜ್ಜೆ ಸ್ವಲ್ಪ ಉದ್ದ, ಕೊನೆಯದು ಗಿಡ್ಡ, ಹೀಗಾದರೆ ಮಾತ್ರ ಓಟದ ವೇಗ ಕಳೆಯದೆ ಮೇಲೇಳಬಹುದು. "ಸರ್, ಬೋರ್ಡ್ ನೋಡ್ದೆ ಹೆಂಗ್ ಸರ್ ಹಾರೋದು?" ಅಂದಳು. "ನೀನು ನೋಡ್ಬೇಡಮ್ಮ, ಅದನ್ನ ಹುಡುಕೋದು ನನ್ನ ಟೇಪಿನ ಕೆಲಸ" ಅಂದೆ. ಬೋರ್ಡಿನ ಮೇಲೆ ಮಣ್ಣು ಹರಡಿ, ಆಚೆ ಮರಕ್ಕೆ ಕಟ್ಟಿದ ಕೆಂಪು ಬಟ್ಟೆ ನೋಡಿಕೊಂಡು ಓಡಿಸಿದೆ. ಒಂದು ಸೀಸನ್ ಹಿಡಿಯಿತು. ತಲೆ ಎದ್ದ ಮೇಲೆ ಕಾಲೂ ಎದ್ದಿತು.

ಬೋರ್ಡಿನ ಅಗಲ 20 ಸೆಂಟಿಮೀಟರ್. ಅಳೆಯುವುದು ಅದರ ಮುಂದಿನ ಅಂಚಿನಿಂದ, ನೀನು ಕಾಲಿಟ್ಟ ಜಾಗದಿಂದಲ್ಲ. ಹತ್ತು ಸೆಂಟಿಮೀಟರ್ ಹಿಂದಿನಿಂದ ಎದ್ದರೆ ಅಷ್ಟೂ ಲಾಸ್. ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲೇ 2023ರ ಮಾರ್ಚಿನಲ್ಲಿ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಮಾಡಿದರು. ಜೂನ್‌ನಲ್ಲಿ ಭುವನೇಶ್ವರದಲ್ಲಿ ಶ್ರೀಶಂಕರ್ 8.41. ಒಂದೇ ಸೆಂಟಿಮೀಟರ್! ಹುಡುಗರಿಗೆ ಇದನ್ನು ಹೇಳಿದ ಮೇಲೆ ಟೇಪು ಹಿಡಿಯಲು ಗೊಣಗುವುದಿಲ್ಲ.

ಮಣ್ಣಿನ ಟ್ರ್ಯಾಕಿನಲ್ಲಿ ಕಲಿತವರಿಗೆ ಯೂನಿವರ್ಸಿಟಿ ಮೀಟ್‌ನ ಸಿಂಥೆಟಿಕ್ ಟ್ರ್ಯಾಕ್ ಇನ್ನೊಂದು ತಲೆನೋವು. ಅಲ್ಲಿ ಶೂ ತಳದ ಮೊಳೆ, ಸ್ಪೈಕ್, ಹಿಡಿಯುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಊರಿನ ಅಳತೆಯಲ್ಲೇ ಓಡಿದರೆ ಕಾಲು ಬೋರ್ಡ್ ದಾಟಿ ಮೊದಲ ಮೂರು ಜಿಗಿತವೂ ಫೌಲ್. ಮೊದಲ ಮೂರರಲ್ಲಿ ಒಂದಾದರೂ ಕೂಡಿಬಂದರೆ ತಾನೇ ಮೊದಲ ಎಂಟರೊಳಗೆ ಬಂದು ಇನ್ನು ಮೂರು ಸಿಗುವುದು? ಅದಕ್ಕೇ ಹಿಂದಿನ ಸಂಜೆಯೇ ಕರೆದುಕೊಂಡು ಹೋಗಿ ಗುರುತನ್ನು ಹಿಂದಕ್ಕೆ ಸರಿಸುತ್ತೇನೆ. ಆ ರಾತ್ರಿಯ ಊಟ, ವಸತಿಯ ಬಿಲ್ ಪಾಸಾಗುವುದು ಇಲ್ಲ. ಅದು ಬಿಡಿ.

ಟ್ರಿಪಲ್ ಜಂಪ್‌ನಲ್ಲಿ ಹೇಳುವುದು ಒಂದೇ: ಮೊದಲ ಜಿಗಿತವಾದ ಹಾಪ್ ಎತ್ತರಕ್ಕೆ ಹೋದಷ್ಟೂ ಎರಡನೆಯದಾದ ಸ್ಟೆಪ್ ಸಾಯುತ್ತದೆ. ದೊಡ್ಡ ಕೂಟಗಳಲ್ಲಿ ಗಂಡಸರ ಬೋರ್ಡ್ ಗುಂಡಿಯಿಂದ 13 ಮೀಟರ್, ಹೆಂಗಸರದ್ದು 11 ಮೀಟರ್ ದೂರ ಇರುತ್ತದೆ. ಸಣ್ಣ ಮೀಟ್‌ಗಳಲ್ಲಿ ಹತ್ತಿರ ಇಟ್ಟಿರುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.

ಡಿಗ್ರಿ ಅಂದರೆ ಮೂರು ವರ್ಷ, ಅದರಲ್ಲಿ ಸೆಮಿಸ್ಟರ್ ಪರೀಕ್ಷೆ ಬೇರೆ. ಹಳೆಯ ಅಭ್ಯಾಸ ಬಿಡಿಸುವಷ್ಟರಲ್ಲಿ ಮೊದಲ ವರ್ಷ ಮುಗಿದಿರುತ್ತದೆ. ಹುಡುಗಿಯರ ಮನೆಯವರು "ಇದರಿಂದ ಕೆಲಸ ಸಿಗುತ್ತಾ ಸರ್?" ಅಂತ ಕೇಳಿದರೆ ರೈಲ್ವೆ, ಪೊಲೀಸ್ ಕ್ರೀಡಾ ಕೋಟಾದ ವಿಷಯ ಹೇಳುತ್ತೇನೆ. ಸಿಕ್ಕೇ ಸಿಗುತ್ತದೆ ಅಂತ ಮಾತ್ರ ಹೇಳುವುದಿಲ್ಲ.

ಈ ಕೆಲಸಕ್ಕೆ ಬರಬೇಕು ಅನ್ನುವ ಬಿ.ಪಿ.ಎಡ್. ಹುಡುಗರಿಗೆ, ಮೊದಲು ಮೀಟ್‌ಗಳಲ್ಲಿ ಬೋರ್ಡ್ ಜಡ್ಜ್ ಆಗಿ ಕೂರಿ ಅನ್ನುತ್ತೇನೆ. ಮೊದಲೆಲ್ಲ ಬೋರ್ಡಿನ ಮುಂದಿನ ಅಂಚಿಗೆ ಹಾಕಿದ ಪ್ಲಾಸ್ಟಿಸಿನ್ ಅನ್ನುವ ಮೆತ್ತನೆಯ ಜೇಡಿಯ ಮೇಲೆ ಕಾಲಿನ ಗುರುತು ಬಿತ್ತಾ ಅಂತ ನೋಡುತ್ತಿದ್ದೆವು. 2021ರ ನವೆಂಬರ್‌ನಿಂದ ನಿಯಮ ಬದಲಾಗಿದೆ, ನೆಲ ಬಿಡುವ ಮೊದಲೇ ಕಾಲಿನ ತುದಿ ಆ ಅಂಚಿನ ಗೆರೆಯ ನೇರ ದಾಟಿದರೂ ಫೌಲ್. ಕಣ್ಣು ಇನ್ನೂ ಚುರುಕಾಗಿರಬೇಕು. ಭತ್ಯೆ ಕಮ್ಮಿ, ಬಿಸಿಲು ಜಾಸ್ತಿ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಬರೀ ಕೊನೆಯ ಎರಡು ಹೆಜ್ಜೆಗಳನ್ನೇ ನೋಡಲು ಬೇರೆ ಯಾರು ಸಂಬಳ ಕೊಡುತ್ತಾರೆ?