ಮಳೆ ಹಿಡಿಯುವ ಮುಂಚೆ ಪಿಕಪ್‌ಗೆ ಆಲ್-ಟೆರೇನ್ ಟೈರ್: ಗೋವಾದ ದಾರಿಗೆ, ಕೈಗೆಟುಕುವ ದುಡ್ಡಿಗೆ

ಗೋವಾದಲ್ಲಿ ಮಳೆ ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುತ್ತದೆ. ಟೈರ್ ಬದಲಿಸುವುದಿದ್ದರೆ ಮೇ 15ರೊಳಗೆ ಮುಗಿಸಿಬಿಡಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೊಸ ಟೈರಿನ ಮೇಲೆ ಉಳಿದಿರುತ್ತದೆ. ಅದು ಸವೆದು ರಬ್ಬರ್ ಸರಿಯಾಗಿ ಹಿಡಿತ ಕೊಡಲು 200ರಿಂದ 300 ಕಿ.ಮೀ. ಒಣ ರಸ್ತೆಯ ಓಟ ಬೇಕು. ಮೊದಲ ಮಳೆಯ ದಿನವೇ ಹೊಸ ಟೈರ್ ಹಾಕಿಸಿಕೊಂಡು, ಬೆಳಗಾವಿಯ ತರಕಾರಿ ತುಂಬಿಕೊಂಡು ಚೋರ್ಲಾ ಘಾಟ್ ಇಳಿಯುವ ಕೆಲಸ ಮಾತ್ರ ಬೇಡ.

ಮೊದಲು ಇರುವ ಟೈರನ್ನೇ ಅಳೆಯಿರಿ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ಉಬ್ಬುಗಳಿರುತ್ತವೆ. ಅವುಗಳ ಎತ್ತರ 1.6 ಮಿ.ಮೀ. ಟೈರಿನ ಮೈ ಅವುಗಳ ಮಟ್ಟಕ್ಕೆ ಸವೆಯಿತೆಂದರೆ ಟೈರ್ ಮುಗಿದಂತೆ. ಆದರೆ ಮಳೆಗಾಲಕ್ಕೆ ಆ ಲೆಕ್ಕ ಸಾಲದು. 3 ಮಿ.ಮೀ.ಗಿಂತ ಕಡಿಮೆಯಾದ ಗೆರೆ ನೀರನ್ನು ಬೇಗ ಹೊರಹಾಕಲಾರದು, ಬ್ರೇಕ್ ಹಾಕಿದರೆ ಗಾಡಿ ನೀರಿನ ಮೇಲೆ ಜಾರುತ್ತದೆ. ಆಳ ನೋಡುವ ಗೇಜ್ ಅಗ್ಗವಾಗಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ. ಒಳಬದಿ, ನಡು, ಹೊರಬದಿ, ಮೂರೂ ಕಡೆ ಅಳೆಯಿರಿ. ಒಳಬದಿ ಮಾತ್ರ ಸವೆದಿದ್ದರೆ ಚಕ್ರಗಳ ನೇರ ಹೊಂದಾಣಿಕೆ, ಅಂದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದರ್ಥ. ಅದನ್ನು ಸರಿಮಾಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೇ ಹೋಗುತ್ತದೆ.

ಡಾಂಬರಿಗೂ ಮಣ್ಣಿನ ದಾರಿಗೂ ಆಗುವ ಆಲ್-ಟೆರೇನ್ ಟೈರ್ ಎಲ್ಲರಿಗೂ ಬೇಕಿಲ್ಲ. ವೆರ್ಣಾದ ಕಾರ್ಖಾನೆಯಿಂದ ವಾಸ್ಕೋ ಬಂದರಿಗೆ ಡಾಂಬರು ರಸ್ತೆಯಲ್ಲೇ ಓಡುವ ಗಾಡಿಗೆ ಸಾಧಾರಣ ಉದ್ದ ಗೆರೆಯ ಟೈರೇ ಲಾಭ: ಬೆಲೆ ಕಡಿಮೆ, ಬಾಳಿಕೆ ಹೆಚ್ಚು. ಕೆಂಪು ಕಲ್ಲಿನ ಕ್ವಾರಿ, ಕಟ್ಟಡದ ಸೈಟು, ಸತ್ತರಿ ಅಥವಾ ಸಾಂಗೆಯ ತೋಟದ ದಾರಿಗೆ ವಾರಕ್ಕೆ ಎರಡು ಮೂರು ಸಲವಾದರೂ ಇಳಿಯುವವರಿಗೆ ಆಲ್-ಟೆರೇನ್ ಸರಿ. ಒದ್ದೆಯಾದ ಕೆಂಪು ಮಣ್ಣು ಸಾಬೂನಿನಂತೆ ಮೆತ್ತಿಕೊಂಡು ಕಿರುಗೆರೆಗಳನ್ನು ಮುಚ್ಚಿಬಿಡುತ್ತದೆ. ಆಲ್-ಟೆರೇನ್ ಟೈರಿನ ಅಗಲ ಸಂದುಗಳು ಚಕ್ರ ತಿರುಗಿದ ಹಾಗೆ ಅದನ್ನು ಉದುರಿಸುತ್ತವೆ. ಹಾಗಂತ ದಪ್ಪ ಬಟನ್‌ಗಳ ಮಡ್ ಟೈರಿಗೆ ಹೋಗಬೇಡಿ. ಡಾಂಬರಿಗೆ ತಾಗುವ ರಬ್ಬರ್ ಅದರಲ್ಲಿ ಕಡಿಮೆ. ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ, ಸದ್ದು ಜಾಸ್ತಿ, ಡೀಸೆಲ್ಲೂ ಹೆಚ್ಚು ಕುಡಿಯುತ್ತದೆ.

ಇನ್ನು ಅಳತೆ. ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿ ಇರುವುದೇ ನಿಮ್ಮ ಅಳತೆ. 215/75 ಆರ್ 15 ಎಂದರೆ ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 75, ಡಿಸ್ಕ್, ಅಂದರೆ ಟೈರ್ ಕೂರುವ ಲೋಹದ ಚಕ್ರ, 15 ಇಂಚು. ಪೂರ್ತಿ ಎತ್ತರ ಸುಮಾರು 703 ಮಿ.ಮೀ. ಅದೇ ಡಿಸ್ಕ್‌ಗೆ 235/75 ಹಾಕಿದರೆ 733 ಮಿ.ಮೀ. ಆಗುತ್ತದೆ. ಗಾಡಿ ಎತ್ತರಕ್ಕೆ ನಿಂತು ಚೆನ್ನಾಗಿ ಕಾಣುತ್ತದೆ ನಿಜ. ಆದರೆ ಮೀಟರ್ 80 ತೋರಿಸುವಾಗ ಓಟ 83 ದಾಟಿರುತ್ತದೆ, ಘಾಟ್ ಹತ್ತುವಾಗ ಎಳೆತ ಕುಗ್ಗುತ್ತದೆ, ಲೋಡ್ ಹಾಕಿ ತಿರುಗಿಸಿದರೆ ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಅಳತೆಗಿಂತ ಹೆಚ್ಚು ಜನ ಎಡವುವುದು ಭಾರದ ಅಂಕಿಯಲ್ಲಿ. ಅಳತೆಯ ಪಕ್ಕದಲ್ಲಿ ಅಚ್ಚೊತ್ತಿದ 100 ಎಂಬ ಅಂಕಿ ಒಂದು ಟೈರ್ 800 ಕೆ.ಜಿ. ಹೊರುತ್ತದೆ ಎನ್ನುತ್ತದೆ, 109 ಎಂದರೆ 1,030 ಕೆ.ಜಿ., 112 ಎಂದರೆ 1,120 ಕೆ.ಜಿ. ಖಾಲಿ ಗಾಡಿಯ ಹಿಂದಿನ ಆಕ್ಸಲ್ ಮೇಲೆ 700 ಕೆ.ಜಿ. ಇದೆ, ಮಾಲಿನಿಂದ ಇನ್ನೂ 1,300 ಕೆ.ಜಿ. ಬೀಳುತ್ತದೆ ಎಂದುಕೊಳ್ಳಿ. ಒಂದೊಂದು ಟೈರಿಗೆ 1,000 ಕೆ.ಜಿ. ಆಯಿತು. 109 ಇರುವ ಟೈರ್ ತಡೆಯುತ್ತದೆ, 100 ಇರುವುದು ತಡೆಯುವುದಿಲ್ಲ. ಎರಡೂ ಅದೇ ಅಳತೆಯಲ್ಲಿ ಅಂಗಡಿಯಲ್ಲಿ ಇರಬಹುದು. ಕಡಿಮೆ ಅಂಕಿಯದು ಜೀಪು, ಎಸ್‌ಯುವಿಗಳಿಗೆ ಮಾಡಿದ್ದು. ಬೆಲೆ ಕಮ್ಮಿ ಎಂದು ಅದನ್ನು ಲೋಡ್ ಗಾಡಿಗೆ ಹಾಕಿದರೆ ಪಕ್ಕದ ಗೋಡೆ ಮತ್ತೆ ಮತ್ತೆ ಮಡಚಿ ಕಾದು, ಒಳಗಿನ ದಾರ ಹರಿದು, ಹೊರಗೆ ಗಡ್ಡೆಯಂತೆ ಉಬ್ಬುತ್ತದೆ. ಉಬ್ಬಿದ ಟೈರಿಗೆ ರಿಪೇರಿ ಇಲ್ಲ. ಎಲ್‌ಟಿ (ಲೈಟ್ ಟ್ರಕ್, ಅಂದರೆ ಲೋಡ್ ಗಾಡಿಯ ಟೈರ್) ಎಂಬ ಅಕ್ಷರ ಮತ್ತು 8 ಪಿಆರ್ (ಪ್ಲೈ ರೇಟಿಂಗ್, ಟೈರಿನ ಒಳಪದರಗಳ ಬಲದ ಅಂಕಿ) ಅಥವಾ ಚೀಟಿಯಲ್ಲಿರುವಷ್ಟು ಪಿಆರ್ ಇದೆಯೇ ಎಂದು ಕಣ್ಣಾರೆ ನೋಡಿ. ಐಎಸ್‌ಐ ಗುರುತು ಇಲ್ಲದ ಟೈರ್ ಮುಟ್ಟಬೇಡಿ.

ಕೆಲವು ಟೈರಿನ ಮೇಲೆ ಮೂರು ಶಿಖರದ ಗುಡ್ಡದೊಳಗೆ ಹಿಮದ ಹರಳಿನ ಚಿತ್ರ ಇರುತ್ತದೆ. ಹಿಮದ ರಸ್ತೆಯ ಪರೀಕ್ಷೆ ಗೆದ್ದದ್ದರ ಗುರುತು ಅದು. ಡಿಸೆಂಬರ್ ರಾತ್ರಿಯಲ್ಲೂ 20 ಡಿಗ್ರಿ ಆಸುಪಾಸಿರುವ ಗೋವಾದಲ್ಲಿ ಅದಕ್ಕೆಂದು ಹೆಚ್ಚು ಹಣ ಕೊಡುವುದು ದಂಡ.

ಬೆಲೆಯನ್ನು ಒಂದು ಟೈರಿಗೆ ಎಷ್ಟು ಎಂದು ನೋಡದೆ, ಸವೆಯಲು ಸಿಗುವ ಒಂದು ಮಿ.ಮೀ. ರಬ್ಬರಿಗೆ ಎಷ್ಟು ಎಂದು ನೋಡಿ. ಹೊಸ ಟೈರಿನ ಆಳ ಅಳೆದು 3 ಕಳೆಯಿರಿ. 6,000 ರೂಪಾಯಿಯ ಟೈರಿನ ಆಳ 8 ಮಿ.ಮೀ. ಇದ್ದರೆ ನಿಮಗೆ ಸಿಗುವುದು 5 ಮಿ.ಮೀ.; ಮಿ.ಮೀ.ಗೆ 1,200 ರೂಪಾಯಿ. 7,500 ರೂಪಾಯಿಯದು 11 ಮಿ.ಮೀ. ಇದ್ದರೆ ಸಿಗುವುದು 8, ಮಿ.ಮೀ.ಗೆ ಸುಮಾರು 940. ದುಬಾರಿ ಕಂಡದ್ದೇ ಇಲ್ಲಿ ಅಗ್ಗ. ರಬ್ಬರಿನ ಗುಣ ಬೇರೆ ಬೇರೆ ಇರುವುದರಿಂದ ಇದೊಂದೇ ಕೊನೆಯ ಮಾತಲ್ಲ, ಆದರೂ ಅಂಗಡಿಯಲ್ಲಿ ನಿಂತಾಗ ಇದಕ್ಕಿಂತ ನೇರವಾದ ಲೆಕ್ಕ ಸಿಗದು. ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೆಯ ರೇಟ್ ಪಟ್ಟಿ ತೋರಿಸಿದರೆ ಕೇಳಿ. ಪಕ್ಕಾ ಬಿಲ್ಲಿನ ಮೇಲೆ ಟೈರಿನ ನಂಬರ್ ಬರೆಸಿಕೊಳ್ಳಿ, ವಾರಂಟಿಗೆ ಅದು ಬೇಕು.

ಡಿಸ್ಕ್‌ಗೆ ಏರಿಸುವ ಮುಂಚೆ ತಾರೀಖು ಓದಿ. ಗೋಡೆಯ ಮೇಲಿನ ನಾಲ್ಕು ಅಂಕಿ 2325 ಇದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಮೋಸ ಇದೆ: ಸವೆದ ಟೈರಿನ ಗೆರೆಗಳನ್ನು ಕಾದ ಬ್ಲೇಡಿನಿಂದ ಕೊರೆದು ಆಳ ಮಾಡಿರುತ್ತಾರೆ. ಮೇಲೆ ಹೇಳಿದ 1.6 ಮಿ.ಮೀ. ಉಬ್ಬುಗಳನ್ನು ಹುಡುಕಿ. ಗೆರೆ ಆಳವಾಗಿದ್ದೂ ಉಬ್ಬು ಕಾಣದಿದ್ದರೆ, ಇಲ್ಲವೇ ನಡುವೆ ಸೀಳಿದ್ದರೆ, ಅದು ಕೊರೆದ ಟೈರ್. ಕೆಳಗಿನ ತಂತಿಗೆ ನೀರಿಳಿದು ಒಳಗೇ ತುಕ್ಕು ಹಿಡಿಯುತ್ತದೆ. ರಬ್ಬರ್ ಹಾಕಿಸಿದ ಹಳೆ ಟೈರನ್ನು ಮುಂದಿನ ಚಕ್ರಕ್ಕಂತೂ ಹಾಕಲೇಬೇಡಿ.

ಎರಡೇ ಹೊಸದಕ್ಕೆ ದುಡ್ಡಿದ್ದರೆ ಹಿಂದಕ್ಕೆ ಹಾಕಿಸಿ. ಬಹಳ ಜನ ಮುಂದಕ್ಕೆ ಹಾಕಿಸುತ್ತಾರೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತ ವಾಪಸ್ ಬರುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಹಾಗೆಂದು ಮುಂದೆ 3 ಮಿ.ಮೀ.ಗಿಂತ ಸವೆದದ್ದನ್ನು ಉಳಿಸಬೇಡಿ.

ಕಡಲಿನ ಉಪ್ಪು ಗಾಳಿಗೆ ಕಬ್ಬಿಣದ ಡಿಸ್ಕ್‌ನ ಅಂಚಿನಲ್ಲಿ ತುಕ್ಕು ಪದರ ಕಟ್ಟುತ್ತದೆ. ಟ್ಯೂಬ್‌ಲೆಸ್ ಟೈರಿನ ಹವಾ ವಾರಕ್ಕೆ ನಾಲ್ಕೈದು ಪಿಎಸ್‌ಐ ಸೋರುವುದಕ್ಕೆ ಎಷ್ಟೋ ಸಲ ಇದೇ ಕಾರಣ, ಪಂಕ್ಚರ್ ಅಲ್ಲ. ಟೈರ್ ಬಿಚ್ಚಿದಾಗಲೇ ವೈರ್ ಬ್ರಷ್‌ನಿಂದ ಅಂಚು ಉಜ್ಜಿಸಿ, ರಬ್ಬರ್ ವಾಲ್ವ್ ಹೊಸದು ಹಾಕಿಸಿ. ಟ್ಯೂಬ್ ಇರುವ ಟೈರಾದರೆ ಹೊಸ ಟ್ಯೂಬೇ ಹಾಕಿಸಿ. ಹಿಗ್ಗಿದ ಹಳೆ ಟ್ಯೂಬ್ ಒಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲೇ ಒಡೆಯುತ್ತದೆ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅವತ್ತೇ ಮಾಡಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಹವಾ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಬೇಕು. ಚೀಟಿಯಲ್ಲಿ ಲೋಡ್‌ಗೆ ಒಂದು, ಖಾಲಿಗೆ ಒಂದು ಅಂಕಿ ಇದ್ದರೆ ಎರಡನ್ನೂ ಪಾಲಿಸಿ. ಮಡಗಾಂವ್ ಮಾರ್ಕೆಟ್‌ನಲ್ಲಿ ಮಾಲು ಇಳಿಸಿ ಲೋಡಿನ ಹವಾದಲ್ಲೇ ಅನ್‌ಮೋಡ್ ಘಾಟ್ ಹತ್ತಿದರೆ ಟೈರಿನ ನಡು ಮಾತ್ರ ರಸ್ತೆಗೆ ತಾಗಿ ತಿರುವಿನಲ್ಲಿ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ. ಮರಳಿ ಲೋಡ್ ಹಾಕುವಾಗ ಹವಾ ಏರಿಸುವುದನ್ನು ಮರೆಯಬೇಡಿ. ಸ್ಟೆಪ್ನಿಯನ್ನೂ ಕೆಳಗಿಳಿಸಿ ಅದರ ಅಳತೆ, ತಾರೀಖು, ಹವಾ ನೋಡಿಟ್ಟುಕೊಳ್ಳಿ; ಸರಪಳಿ ತುಕ್ಕು ಹಿಡಿದಿದ್ದರೆ ಗ್ರೀಸ್ ಹಚ್ಚಿ.