ಡ್ರಮ್ ಖಾಲಿ ಮಾಡಿದರೆ ಸಾಲದು, ಒಳಗೋಡೆ ಉಜ್ಜಿ

ಡೆಂಗಿ ಸೊಳ್ಳೆ ಹುಟ್ಟದಂತೆ ತಡೆಯಲು ತೋಟದ ಸ್ಪ್ರೇ ಡ್ರಮ್, ಕಾರ್ಮಿಕರ ಲೈನ್ ಮನೆ ಮುಂದಿನ ತೊಟ್ಟಿ ಎಲ್ಲವನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ಗಟ್ಟಿಯಾಗಿ ಉಜ್ಜಿ. ಸುಮ್ನೆ ನೀರು ಚೆಲ್ಲಿದರೆ ಪ್ರಯೋಜನ ಕಡಿಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ. ಕಪ್ಪು ಚುಕ್ಕಿಯಷ್ಟೇ ಇರುವ ಈ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ನೀರು ಅಲ್ಲಿಗೆ ಏರಿದರೆ ಸಾಕು, ಮರಿಗಳು ಹೊರಬರುತ್ತವೆ. ಮೊಟ್ಟೆಯೊಡೆದು ಸೊಳ್ಳೆಯಾಗಲು ಸಾಮಾನ್ಯವಾಗಿ 8-10 ದಿನ, ಅದಕ್ಕೇ ವಾರದ ಲೆಕ್ಕ. ಉಜ್ಜಿದ ನೀರನ್ನು ಒಣ ಮಣ್ಣಿಗೆ ಚೆಲ್ಲಿ, ಚರಂಡಿಗೆ ಬೇಡ. ಕಡಿದ ಬಿದಿರಿನ ಬೊಡ್ಡೆ, ಮರದ ಪೊಟರೆಯಲ್ಲಿ ಈ ಉಜ್ಜೋ ಕೆಲಸ ನಡೆಯಲ್ಲ, ಅಲ್ಲಿ ಮಣ್ಣು ತುಂಬಬೇಕು. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಗೆ ದಿನಾ ತುಂಬುವ ಡ್ರಮ್ಮನ್ನಂತೂ ಬೋರಲು ಹಾಕಿಬಿಡೋದೇ ವಾಸಿ, ಅಲ್ವಾ?