ತಪ್ಪು ದುಬಾರಿ ಆಗುವ ಕಡೆ ಕೆಲಸ ಕೇಳಿದೆ

ಬಿ.ಕಾಂ. ಮುಗಿಸಿ ನಾನು ಮೊದಲು ಸೇರಿದ್ದು ಹುಬ್ಬಳ್ಳಿಯಲ್ಲಿ, ಫೋನಿನಲ್ಲಿ ಸಾಲ ಮಾರುವ ಕೆಲಸಕ್ಕೆ. ಆ ಕಡೆಯವರು ಬೇಡ ಅಂದರೆ ಒತ್ತಾಯ ಮಾಡಲು ನನ್ನಿಂದ ಆಗುತ್ತಿರಲಿಲ್ಲ. ಕೇಳಿದವರಿಗೆ ಬಡ್ಡಿ, ಶುಲ್ಕ ಎಲ್ಲ ಬಿಡಿಸಿ ಹೇಳುತ್ತಿದ್ದೆ. "ಅಷ್ಟೆಲ್ಲ ಯಾಕೆ ಹೇಳ್ತೀಯಾ?" ಅಂತ ಬೈಸಿಕೊಂಡೆ. ಐದು ತಿಂಗಳಿಗೆ ಶಿರಸಿಗೆ ವಾಪಸ್ ಬಂದೆ.

ಊರಲ್ಲಿ ಒಂದು ಅಡಿಕೆ ವಖಾರಿಯಲ್ಲಿ, ಅಂದರೆ ಅಡಿಕೆ ಮಂಡಿಯಲ್ಲಿ, ಚೀಟಿ ಬರೆಯುವವರು ಬೇಕಾಗಿತ್ತು. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯಲ್ಲಿ ಹಲವು ಬಗೆ, ಎಲ್ಲಕ್ಕೂ ಬೇರೆ ಬೇರೆ ದರ. ಲಾಟ್ ನಂಬರಿನಲ್ಲಿ ಒಂದು ಅಂಕಿ ಆಚೀಚೆ ಆದರೆ ಒಬ್ಬರ ಅಡಿಕೆಯ ದರ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಅದು ಒಂದು ಮನೆಯ ವರ್ಷದ ದುಡಿಮೆ ಅಲ್ವಾ? ನಾನು ಎರಡೆರಡು ಸಲ ನೋಡಿಯೇ ಚೀಟಿ ಕೊಡುತ್ತಿದ್ದೆ. ಅಲ್ಲಿ ಯಾರೂ ಬೈಯಲಿಲ್ಲ. ಬೆಳೆಗಾರರು ಚೀಟಿ ಬರೆಸಲು ನನ್ನ ಟೇಬಲ್ಲಿಗೇ ಬರತೊಡಗಿದರು.

ಆಮೇಲೆ ಕೆಲಸ ಹುಡುಕುವಾಗ ಹುದ್ದೆಯ ಹೆಸರು ನೋಡುವುದನ್ನು ಬಿಟ್ಟೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆ: "ಇಲ್ಲಿ ತಪ್ಪಾದರೆ ಏನಾಗ್ತದೆ?" ಕೆಲವರು "ಅಡ್ಡಿಲ್ಲ, ಆಮೇಲೆ ತಿದ್ದಿದರಾಯ್ತು" ಅಂದರು. ಅಲ್ಲಿಂದ ಸುಮ್ನೆ ಎದ್ದು ಬಂದೆ. ಕಾರವಾರದಲ್ಲಿ ಔಷಧಿ ಅಂಗಡಿಯ ಒಬ್ಬರು, ಎರಡು ಮಾತ್ರೆಗಳ ಹೆಸರು ಎಷ್ಟು ಹತ್ತಿರ ಇರುತ್ತದೆ ಅಂತ ಡಬ್ಬಿ ತೆಗೆದು ತೋರಿಸಿದರು. ಇಷ್ಟವಾಯಿತು. ಆದರೆ ಅದಕ್ಕೆ ಡಿ.ಫಾರ್ಮ ಓದಿರಬೇಕು.

ಕೊನೆಗೆ ಒಪ್ಪಿಕೊಂಡಿದ್ದು ಶಿರಸಿಯಲ್ಲೇ, ಖರೀದಿ ಪತ್ರ ಬರೆಯುವವರ ಕಚೇರಿಯಲ್ಲಿ. ಅದೇ ಪ್ರಶ್ನೆಗೆ ಅವರು ಅರ್ಧ ಗಂಟೆ ಮಾತಾಡಿದರು. ಜಮೀನಿನ ಪಹಣಿಯಲ್ಲಿ 0-12-8 ಅಂದರೆ 0 ಎಕರೆ 12 ಗುಂಟೆ 8 ಆಣೆ. 16 ಆಣೆಗೆ 1 ಗುಂಟೆ, ಹಾಗಾಗಿ ಅದು ಹನ್ನೆರಡೂವರೆ ಗುಂಟೆ. ದಶಮಾಂಶ ಅಂದುಕೊಂಡು 12.8 ಅಂತ ಬರೆದರೆ ಸುಮಾರು 327 ಚದರ ಅಡಿ ಜಾಸ್ತಿ ಆಗುತ್ತದೆ. ನೋಂದಣಿ ಆದ ಮೇಲೆ ಗೊತ್ತಾದರೆ ತಿದ್ದುಪಡಿ ಪತ್ರ ಮಾಡಬೇಕು, ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರನ್ನೆಲ್ಲ ಸೇರಿಸಬೇಕು. ಒಬ್ಬರು ಬೆಂಗಳೂರು, ಇನ್ನೊಬ್ಬರು ಅಮೆರಿಕ.

"ನಾನು ಬಹಳ ಜಾಗ್ರತೆಯವಳು" ಅಂತ ನಾನು ಹೇಳಲೇ ಇಲ್ಲ. ಒಂದು ಹಳೆಯ ಕರಡು ಕೊಡಿ ಅಂತ ಕೇಳಿದೆ. ಒಂದೇ ವ್ಯಕ್ತಿಯ ಇನಿಷಿಯಲ್ ಮೊದಲ ಪುಟದಲ್ಲಿ ಒಂದು, ಮೂರನೇ ಪುಟದಲ್ಲಿ ಇನ್ನೊಂದು ಇತ್ತು. ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟೆ. ನಮ್ಮ ಕಡೆ ಒಂದೇ ಊರಲ್ಲಿ ಒಂದೇ ಹೆಸರಿನ ಮೂರು ಹೆಗಡೆಯವರು ಇರುತ್ತಾರೆ. ಇನಿಷಿಯಲ್ ತಪ್ಪಿದರೆ ಮನುಷ್ಯನೇ ಬೇರೆ. ಮರುದಿನವೇ ಬರಲು ಹೇಳಿದರು.

ನನ್ನ ಮೆತ್ತಗಿನ ಸ್ವಭಾವವೂ ಇಲ್ಲಿ ಕೆಲಸಕ್ಕೆ ಬಂತು. ಮೊದಮೊದಲು ಹಿರಿಯರನ್ನು ಮತ್ತೆ ಮತ್ತೆ ಕೇಳಲು ಸಂಕೋಚ ಆಗುತ್ತಿತ್ತು. ಈಗ ಸಹಿಗೆ ಮುಂಚೆ ಇಡೀ ಪತ್ರ ನಿಧಾನವಾಗಿ ಓದಿ ಹೇಳುತ್ತೇನೆ. ಮೊನ್ನೆ ಚೆಕ್ಕುಬಂದಿ, ಅಂದರೆ ಜಾಗದ ನಾಲ್ಕು ಕಡೆಯ ಗಡಿ, ಓದುವಾಗ ಒಬ್ಬ ಅಜ್ಜಿ ಕೈ ಎತ್ತಿದರು. "ತಂಗಿ, ಹಳ್ಳ ಪಶ್ಚಿಮಕ್ಕಲ್ಲ, ದಕ್ಷಿಣಕ್ಕೆ." ನಕ್ಷೆ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಅವರನ್ನು ಬೆಂಚಿನ ಮೇಲೆ ಕೂರಿಸಿ, ಆ ಪುಟ ಮತ್ತೆ ಟೈಪ್ ಮಾಡಿದೆ.